ಅಗೆದ ನೆಲದ ಋಣ: ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



"ನೀವು ಮಾಡಿದ ಕೆಲಸದ ಬಗ್ಗೆಯೇ ಮಾತಾಡಿ" ಎಂದು ಮುಖ್ಯಗುರುಗಳು ಹೇಳಿದಾಗ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ನಾನು ಧನಬಾದ್ ಸೀಮೆಯ ಕಲ್ಲಿದ್ದಲು ಗಣಿಗಳಲ್ಲಿ ಸರ್ವೇಯರ್ ಆಗಿ ದುಡಿದವನು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ಇಲ್ಲದ ವಸ್ತುವಿನ ಮಾತು ಈ ಊರಿಗೆ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಈ ಮೈಕು, ಈ ದೀಪ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರ ನಡೆಯುತ್ತಿದೆ. ಅಲ್ಲಿ ಉರಿಯುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಇನ್ನೂ ದೂರದ ಗಣಿಗಳಿಂದ ಗೂಡ್ಸ್ ರೈಲಿನಲ್ಲಿ ಬರುತ್ತದೆ. ನೆಲ ಅಗೆದದ್ದು ಅಲ್ಲಿ, ಬೆಳಕು ಬಿದ್ದದ್ದು ಇಲ್ಲಿ. ಎರಡನೆಯ ಉತ್ತರ ನಮ್ಮೂರ ಸುತ್ತಲೇ ಇದೆ. ಪರಸಿ ತೆಗೆದು ಬಿಟ್ಟ ಖಣಿಗಳನ್ನು ನೀವೆಲ್ಲ ದಿನಾ ನೋಡುತ್ತೀರಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಗಣಿಯ ಬಗ್ಗೆ ಪತ್ರಿಕೆಯವರು ಬರೆಯುವುದು ಅದು ಶುರುವಾದಾಗ, ಇಲ್ಲವೇ ಅಪಘಾತವಾದಾಗ. ಗಣಿ ಮುಚ್ಚಿದ ಮಾರನೆಯ ದಿನದಿಂದ ಆ ನೆಲದ ಗತಿ ಏನು ಎಂಬುದನ್ನು ಕೇಳುವವರು ಕಡಿಮೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಮಾರನೆಯ ದಿನದ ಸಂಗತಿ.

ಹೊಲದ ಕೆಳಗೆ ಏನಿದೆ?

ಮೊದಲು ಒಳಗಿನ ರಚನೆ ತಿಳಿಯಬೇಕು. ನಮ್ಮ ಹಳೆಯ ಮಾಳಗಿ ಮನೆ ನೆನಪಿಸಿಕೊಳ್ಳಿ. ಮೇಲೆ ಮಣ್ಣಿನ ಭಾರ, ಕೆಳಗೆ ಸಾಲುಸಾಲು ಕಂಬ. ನಮ್ಮ ದೇಶದ ನೆಲದಾಳದ ಕಲ್ಲಿದ್ದಲು ಗಣಿಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಕಲ್ಲಿದ್ದಲಿನ ಪದರದಲ್ಲಿ ನಾಲ್ಕೈದು ಮೀಟರ್ ಅಗಲದ ಓಣಿಗಳನ್ನು ಉದ್ದಕ್ಕೂ ಅಡ್ಡಕ್ಕೂ ಕೊರೆಯುತ್ತಾರೆ. ಓಣಿಗಳ ನಡುವೆ ಉಳಿಯುವ ಕಲ್ಲಿದ್ದಲೇ ಕಂಬ. ಅದೇ ಮೇಲಿನ ಬಂಡೆಯನ್ನೂ ಹೊಲವನ್ನೂ ಮನೆಯನ್ನೂ ಹೊತ್ತು ನಿಲ್ಲುತ್ತದೆ.

ಕೊನೆಯ ಹಂತದಲ್ಲಿ ಆ ಕಂಬಗಳನ್ನೂ ತೆಗೆಯುತ್ತಾರೆ. ಆಗ ಎರಡು ದಾರಿಗಳಿವೆ. ಒಂದು, ಮೇಲ್ಛಾವಣಿ ತಾನಾಗಿ ಕುಸಿಯಲು ಬಿಡುವುದು. ಇನ್ನೊಂದು, ಕಂಬ ತೆಗೆದ ಜಾಗಕ್ಕೆ ನೀರಿನ ಜೊತೆ ಮರಳನ್ನು ಪೈಪಿನಲ್ಲಿ ಹರಿಸಿ ತುಂಬಿಸುವುದು. ಝರಿಯಾ, ರಾಣಿಗಂಜ್ ಕಡೆ ದಾಮೋದರ ನದಿಯ ಮರಳನ್ನು ಹೀಗೆ ತುಂಬಿಸುತ್ತ ಬಂದಿದ್ದಾರೆ. ಮರಳು ತುಂಬಿದಲ್ಲಿ ನೆಲ ಅಷ್ಟಾಗಿ ಕುಸಿಯುವುದಿಲ್ಲ. ತುಂಬದೆ ಬಿಟ್ಟಲ್ಲಿ ಹೊಲ ತಟ್ಟೆಯಂತೆ ತಗ್ಗಾಗುತ್ತದೆ. ಅದರ ಅಂಚಿನ ಸುತ್ತ ಬಿರುಕು ಬಿಡುತ್ತದೆ.

ಬಿರುಕು ನಮಗೆ ಹೊಸದಲ್ಲ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ. ಮಿರಗದ ಮಳೆ ಬಿದ್ದರೆ ಮುಚ್ಚಿಕೊಳ್ಳುತ್ತದೆ. ಗಣಿಯ ಮೇಲಿನ ಬಿರುಕು ಹಾಗಲ್ಲ. ಮಳೆನೀರು ಅದರೊಳಗೆ ಇಳಿದು ಹೋಗುತ್ತದೆ, ಬಾವಿ ಬತ್ತುತ್ತದೆ, ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿನ ಜನ ಭತ್ತ ಬೆಳೆಯುವವರು. ನೀರು ನಿಲ್ಲದ ಗದ್ದೆ ಅವರ ಪಾಲಿಗೆ ಗದ್ದೆಯೇ ಅಲ್ಲ.

ಇದಕ್ಕಿಂತ ಕಷ್ಟದ್ದು, ಕಂಬಗಳನ್ನು ಹಾಗೆಯೇ ಬಿಟ್ಟು ಹೋದ ಹಳೆಯ ಗಣಿ. ರಾಣಿಗಂಜ್‌ನಲ್ಲಿ ಕಲ್ಲಿದ್ದಲು ತೆಗೆಯಲು ಶುರುವಾದದ್ದು 1774ರಲ್ಲಿ. ಖಾಸಗಿ ಮಾಲೀಕರ ಕಾಲದಲ್ಲಿ ಮೇಲಿನ ಪದರಗಳನ್ನು ತೋಚಿದಂತೆ ತೆಗೆದು ಬಿಟ್ಟು ಹೋದ ಜಾಗಗಳು ಅಲ್ಲಿ ಅನೇಕ. ಕಂಬ ಸಣ್ಣದು, ಆಳ ಕಡಿಮೆ, ಒಳಗೆ ನೀರು. ಅಂಥ ಕಂಬ ಇವತ್ತು ನಿಂತಿರಬಹುದು, ಐವತ್ತು ವರ್ಷದ ಮೇಲೆ ಒಂದು ಮಳೆಗಾಲದ ರಾತ್ರಿ ಕುಸಿಯಬಹುದು. ಮೇಲೆ ಅಷ್ಟರಲ್ಲಿ ಬೀದಿ ಆಗಿರುತ್ತದೆ, ಮನೆ ಆಗಿರುತ್ತದೆ. ನಾವು ಅಳತೆಗೆ ಹೋದಾಗ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಾಹೇಬ್, ನಮ್ಮ ಜಮೀನಿನ ಕೆಳಗೆ ಏನಿದೆ?" ನಕ್ಷೆ ಇದ್ದಲ್ಲಿ ಉತ್ತರ ಕೊಡಬಹುದಿತ್ತು.

ಮುಚ್ಚುವುದೆಂದರೆ ಬೀಗ ಹಾಕುವುದಲ್ಲ

ಗಣಿ ಮುಚ್ಚಿ ನೆಲವನ್ನು ಮರಳಿ ಬಳಕೆಗೆ ತರುವುದೆಂದರೆ ಗಿಡ ನೆಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಗಿಡ ನೆಡುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಮಾಡಬೇಕಾದ್ದು ಬಹಳ ಇದೆ.

ಮೊದಲನೆಯದು ಬಾಯಿ ಮುಚ್ಚುವುದು. ಇಳಿಯುವ ನೇರ ಬಾವಿಗೆ ಅಲ್ಲಿ ಚಾನಕ್ ಎನ್ನುತ್ತಾರೆ. ಅದನ್ನು ತುಂಬಿ, ಮೇಲೆ ಕಾಂಕ್ರೀಟಿನ ಹಲಗೆ ಹಾಕಿ, ಬೇಲಿ ಕಟ್ಟಬೇಕು. ಯಾಕೆ ಎಂಬುದನ್ನು ನಮ್ಮ ಹಿರಿಯರಿಗೆ ವಿವರಿಸಬೇಕಿಲ್ಲ. ಜೋಳ ತುಂಬಿದ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿದ ಗಣಿಯೂ ದೊಡ್ಡ ಹಗೇವು. ಉಳಿದ ಕಲ್ಲಿದ್ದಲು ಒಳಗಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಒಂದೆರಡು ಬುಟ್ಟಿ ಕಲ್ಲಿದ್ದಲಿನ ಆಸೆಗೆ ಒಳಗೆ ನುಸುಳಿದವರು ಹಿಂತಿರುಗದೆ ಹೋಗುವುದು ಹೀಗೆ, ಇಲ್ಲವೇ ಛಾವಣಿ ಬಿದ್ದು.

ಎರಡನೆಯದು ಬೆಂಕಿ. ಕಲ್ಲಿದ್ದಲಿಗೆ ಗಾಳಿ ತಾಗಿದರೆ ಅದು ನಿಧಾನವಾಗಿ ಬಿಸಿಯಾಗುತ್ತ, ಕೊನೆಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಝರಿಯಾದಲ್ಲಿ ಮೊದಲ ಬೆಂಕಿ ದಾಖಲಾದದ್ದು 1916ರಲ್ಲಿ. ನೂರು ವರ್ಷ ದಾಟಿತು, ಝರಿಯಾದ ನೆಲದಡಿಯ ಬೆಂಕಿ ಪೂರ್ತಿ ಆರಿಲ್ಲ. ಬಿರುಕು ಗಾಳಿಯನ್ನು ಒಳಗೆ ಬಿಡುತ್ತದೆ, ಗಾಳಿ ಬೆಂಕಿಯನ್ನು ಬೆಳೆಸುತ್ತದೆ, ಬೆಂಕಿ ಕಂಬವನ್ನು ತಿನ್ನುತ್ತದೆ, ಕಂಬ ಬಿದ್ದರೆ ಮತ್ತೆ ಹೊಸ ಬಿರುಕು. ಇದನ್ನು ತಡೆಯಲು ಬಿರುಕಿಗೆ ಮಣ್ಣು ಹೊದಿಸುತ್ತಾರೆ, ಕಾಲುವೆ ತೋಡಿ ಬೆಂಕಿಯನ್ನು ಬೇರೆ ಮಾಡುತ್ತಾರೆ, ಮರಳು ಅಥವಾ ಹಾರುಬೂದಿ ತುಂಬುತ್ತಾರೆ, ಉರಿಯುವ ಕಲ್ಲಿದ್ದಲನ್ನೇ ಅಗೆದು ತೆಗೆಯುತ್ತಾರೆ. ಬಿರುಕು ಕಂಡ ದಿನವೇ ಮುಚ್ಚುವ ಖರ್ಚು ಇವೆಲ್ಲಕ್ಕಿಂತ ಕಡಿಮೆ.

ಮೂರನೆಯದು ನೀರು. ಗಣಿ ನಡೆಯುವಾಗ ಹಗಲೂ ರಾತ್ರಿ ಪಂಪು ಓಡುತ್ತದೆ. ಮುಚ್ಚಿದ ದಿನ ಪಂಪು ನಿಂತರೆ ಒಳಗೆ ನೀರು ಏರುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕದ ಅಂಶ ಹೆಚ್ಚಿದ್ದರೆ ಆ ನೀರು ಹುಳಿಯಾಗಿ, ಕಬ್ಬಿಣದ ಕೆಂಪು ಹೊತ್ತು ಹೊರಬರುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇಲಿ ಬಿಲದಂಥ ಸಣ್ಣ ಗಣಿಗಳಿಂದ ಕಲ್ಲಿದ್ದಲು ತೆಗೆದು ಹಾಗೆಯೇ ಬಿಟ್ಟರು. ನದಿಗಳು ಆಮ್ಲವಾದವು, ಮೀನು ಇಲ್ಲವಾದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಆ ಗಣಿಗಾರಿಕೆಗೆ ತಡೆ ಹಾಕಿತು. ಬಿಲಗಳು ಮಾತ್ರ ಬಾಯಿ ತೆರೆದುಕೊಂಡೇ ಉಳಿದವು. ಹಾಗೆಂದು ಗಣಿ ನೀರೆಲ್ಲ ಕೆಟ್ಟದ್ದಲ್ಲ. ಗಂಧಕ ಕಡಿಮೆಯಿರುವ ಕಡೆ ಅದನ್ನು ಶುದ್ಧಗೊಳಿಸಿ ಸುತ್ತಲಿನ ಹಳ್ಳಿಗಳಿಗೆ ಕುಡಿಯಲು, ಹೊಲಕ್ಕೆ ಕೊಡುತ್ತಿದ್ದಾರೆ. ನೆದರ್ಲೆಂಡ್ಸ್‌ನ ಹೇರ್ಲೆನ್ ಎಂಬ ಊರಿನಲ್ಲಿ, ಮುಚ್ಚಿದ ಕಲ್ಲಿದ್ದಲು ಗಣಿಯ ಬೆಚ್ಚನೆಯ ನೀರಿನಿಂದ 2008ರಿಂದ ಕಟ್ಟಡಗಳಿಗೆ ಶಾಖ ಒದಗಿಸುತ್ತಿದ್ದಾರೆ.

ನಾಲ್ಕನೆಯದು ಮೇಲಿನ ನೆಲ. ಬಿರುಕನ್ನು ಮಣ್ಣಿನಿಂದ ತುಂಬಿ ಗಟ್ಟಿ ಮಾಡಬೇಕು. ತಗ್ಗಾದ ಹೊಲವನ್ನು ಸಮಗೊಳಿಸಬೇಕು, ಇಲ್ಲವೇ ಅದನ್ನು ಕೆರೆಯೆಂದೇ ಒಪ್ಪಿಕೊಂಡು ದಂಡೆ ಕಟ್ಟಬೇಕು. ಹಳೆಯ ಹಳ್ಳದ ಹರಿವನ್ನು ಸರಿಪಡಿಸಬೇಕು. ಅಗೆಯುವ ಮೊದಲೇ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಟ್ಟಿದ್ದರೆ ಅದನ್ನು ಹೊದಿಸಬೇಕು. ಆಮೇಲೆ ಹುಲ್ಲು, ಆಮೇಲೆ ದ್ವಿದಳದ ಜಾತಿಯವು, ಕೊನೆಗೆ ಮರ. ಇಷ್ಟು ಆದಮೇಲೆ ಅದು ಮತ್ತೆ ಹೊಲವಾಗಲು ಇನ್ನೂ ಹಲವು ಮಳೆಗಾಲ ಬೇಕು.

ನಕ್ಷೆಯ ಬೆಲೆ

ಈಗ ನನ್ನ ವೃತ್ತಿಯ ಮಾತು. 1975ರ ಡಿಸೆಂಬರ್ 27ರಂದು ಧನಬಾದ್ ಸಮೀಪದ ಚಸನಾಲಾ ಗಣಿಯಲ್ಲಿ, ಹಳೆಯ ಕೆಲಸದ ಜಾಗದಲ್ಲಿ ನಿಂತಿದ್ದ ನೀರು ಒಮ್ಮೆಲೇ ಒಳಗೆ ನುಗ್ಗಿತು. 375 ಮಂದಿ ಸತ್ತರು. ‘ಕಾಲಾ ಪತ್ಥರ್’ ಸಿನಿಮಾ ನೋಡಿದ ಹಿರಿಯರಿಗೆ ಇದು ನೆನಪಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್ ಗಣಿಯಲ್ಲಿ 2002ರ ಜುಲೈನಲ್ಲಿ ಇದೇ ರೀತಿ ಆಯಿತು. ಪಕ್ಕದ ಮುಚ್ಚಿದ ಗಣಿ ಇನ್ನೂ ದೂರವಿದೆ ಎಂದು ಅವರ ಕೈಯಲ್ಲಿದ್ದ ನಕ್ಷೆ ಹೇಳುತ್ತಿತ್ತು. ಆ ಗಣಿಯನ್ನು ಕೊನೆಯಲ್ಲಿ ಎಲ್ಲಿಯವರೆಗೆ ತೋಡಿದ್ದರೆಂಬುದು ಅದರಲ್ಲಿ ಇರಲಿಲ್ಲ. ನೀರು ನುಗ್ಗಿ 9 ಮಂದಿ ಸುಮಾರು 240 ಅಡಿ ಆಳದಲ್ಲಿ ಸಿಕ್ಕಿಬಿದ್ದರು. ಮೇಲಿನಿಂದ ಕೊಳವೆ ಕೊರೆದು, ಮೂರು ದಿನ ದಾಟಿದ ಮೇಲೆ ಎಲ್ಲರನ್ನೂ ಜೀವಂತ ಎತ್ತಿದರು.

ಗಣಿ ಮುಚ್ಚುವವರು ಕೊನೆಯ ದಿನದವರೆಗಿನ ನಕ್ಷೆಯನ್ನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಒಪ್ಪಿಸಬೇಕೆಂದು ನಮ್ಮಲ್ಲಿ ನಿಯಮ ಇರುವುದು ಇದಕ್ಕಾಗಿ. ಬ್ರಿಟನ್ನಿನಲ್ಲಿ ನಾಲ್ಕು ಮನೆಗಳಲ್ಲಿ ಒಂದು ಕಲ್ಲಿದ್ದಲು ಸೀಮೆಯ ಮೇಲಿದೆ. ಅಲ್ಲಿ ಮನೆ ಕೊಳ್ಳುವವರು ಸರ್ಕಾರಿ ಸಂಸ್ಥೆಯಿಂದ ಆ ಜಾಗದ ಕೆಳಗಿನ ಗಣಿಯ ವರದಿ ತರಿಸಿ ನೋಡುತ್ತಾರೆ. ನಾವು ಹೊಲ ಕೊಳ್ಳುವಾಗ ಪಹಣಿ ತೆಗೆಸುತ್ತೇವಲ್ಲ, ಹಾಗೆ. ನಮ್ಮ ಪಹಣಿ ಮೇಲಿನದ್ದನ್ನು ಮಾತ್ರ ಹೇಳುತ್ತದೆ. ಕಲ್ಲಿದ್ದಲು ಪ್ರದೇಶಗಳ 1957ರ ಭೂಸ್ವಾಧೀನ ಕಾಯ್ದೆಯಲ್ಲಿ ಭೂಮಿಯನ್ನು ತೆಗೆದುಕೊಳ್ಳದೆ ಕೆಳಗಿನ ಗಣಿ ಹಕ್ಕನ್ನಷ್ಟೇ ಪಡೆಯಲು ಅವಕಾಶವಿದೆ. ಆಗ ಹೊಲ ರೈತನ ಹೆಸರಿನಲ್ಲೇ ಉಳಿಯುತ್ತದೆ, ಕೆಳಗೆ ಟೊಳ್ಳು ಬೇರೆಯವರದ್ದು.

ಒಂದು ಶಾಲೆಯ ಕತೆ

ಇದು ಶಾಲೆಯ ಹಬ್ಬ. ಆದ್ದರಿಂದ ಒಂದು ಶಾಲೆಯ ಸಂಗತಿ ಹೇಳದೆ ಮುಂದೆ ಹೋಗಲಾರೆ. ವೇಲ್ಸ್ ದೇಶದಲ್ಲಿ ಆಬರ್‌ವ್ಯಾನ್ ಎಂಬ ಹಳ್ಳಿ. ಊರ ಮೇಲಿನ ಬೆಟ್ಟದಲ್ಲಿ ಗಣಿಯ ತ್ಯಾಜ್ಯವನ್ನು ಗುಡ್ಡೆಗುಡ್ಡೆ ಹಾಕಿದ್ದರು. ಒಂದು ಗುಡ್ಡೆಯನ್ನು ನೀರಿನ ಒರತೆಯ ಮೇಲೆಯೇ ಸುರಿದಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಮಕ್ಕಳು ಆಗಷ್ಟೇ ತರಗತಿಗೆ ಬಂದು ಕುಳಿತಿದ್ದ ಹೊತ್ತಿನಲ್ಲಿ, ಆ ಗುಡ್ಡೆ ಜಾರಿ ಶಾಲೆಯ ಮೇಲೆ ಬಂತು. 116 ಮಕ್ಕಳು, 28 ಮಂದಿ ದೊಡ್ಡವರು ಸತ್ತರು.

ಆಮೇಲೆ ನಡೆದದ್ದನ್ನೂ ಕೇಳಿ. ಉಳಿದ ಗುಡ್ಡೆಗಳನ್ನು ತೆಗೆಯಿರಿ ಎಂದು ಊರವರು ಬೇಡಿಕೊಂಡರು. ಅದರ ಖರ್ಚಿಗೆ ಆ ಊರಿಗಾಗಿ ಜನ ಕೊಟ್ಟ ದೇಣಿಗೆಯ ನಿಧಿಯಿಂದಲೇ 1,50,000 ಪೌಂಡ್ ತೆಗೆದುಕೊಂಡರು. ಆ ಹಣ ಹಿಂತಿರುಗಿ ಬಂದದ್ದು 1997ರಲ್ಲಿ, ಅದೂ ಬಡ್ಡಿಯಿಲ್ಲದೆ. ವೇಲ್ಸ್ ಸರ್ಕಾರ 2007ರಲ್ಲಿ ಇನ್ನಷ್ಟು ಹಣ ಕೊಟ್ಟು ಆ ಅನ್ಯಾಯವನ್ನು ಸ್ವಲ್ಪ ಸರಿಪಡಿಸಿತು. ಆ ದುರಂತದಿಂದಾಗಿ ಗಣಿ ಗುಡ್ಡೆಗಳ ಸುರಕ್ಷತೆಗೆ 1969ರಲ್ಲಿ ಕಾನೂನು ಬಂತು. ಆದರೂ 2020ರ ಫೆಬ್ರವರಿಯ ಬಿರುಗಾಳಿ ಮಳೆಗೆ ವೇಲ್ಸ್‌ನಲ್ಲಿ ಇನ್ನೊಂದು ಹಳೆಯ ಗುಡ್ಡೆ ಜಾರಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮುಚ್ಚಿದ ಗಣಿಯ ಗುಡ್ಡೆಗೆ ಇಂಥವರು ಜವಾಬ್ದಾರರು ಎಂದು ಹೆಸರು ಹಿಡಿದು ಹೇಳಿರದಿದ್ದರೆ, ಕೊನೆಗೆ ಅದರ ಲೆಕ್ಕ ಕೆಳಗಿನ ಊರಿನ ಪಾಲಿಗೆ ಬರುತ್ತದೆ.

ಯಾರು ಕೊಡಬೇಕು, ಎಷ್ಟು ದಿನ?

ಈ ಪ್ರಶ್ನೆಗೆ ಜರ್ಮನಿಯವರು ಕೊಟ್ಟ ಉತ್ತರ ತಿಳಿಯಬೇಕಾದ್ದು. ರೂರ್ ಎಂಬ ಸೀಮೆಯಲ್ಲಿ ಶತಮಾನಗಳ ಕಾಲ ಕಲ್ಲಿದ್ದಲು ತೆಗೆದರು. ಅಲ್ಲಿ ನೆಲ ಕೆಲವೆಡೆ 20 ಮೀಟರಿಗೂ ಹೆಚ್ಚು ತಗ್ಗಾಗಿದೆ. ಪಂಪು ನಿಲ್ಲಿಸಿದರೆ ನಗರಗಳ ಭಾಗಗಳೇ ಕೆರೆಯಾಗುತ್ತವೆ. ಕೊನೆಯ ಗಣಿಯನ್ನು 2018ರ ಡಿಸೆಂಬರ್ 21ರಂದು ಬೊಟ್ರೊಪ್ ನಗರದಲ್ಲಿ ಮುಚ್ಚಿದರು. ಅದಕ್ಕೆ 11 ವರ್ಷ ಮೊದಲೇ, 2007ರಲ್ಲಿ, ಒಂದು ಪ್ರತಿಷ್ಠಾನ ಕಟ್ಟಿ ಕಂಪನಿಯ ಆಸ್ತಿಯನ್ನು ಅದರ ಕೈಗೆ ಕೊಟ್ಟಿದ್ದರು. ಆ ಆಸ್ತಿಯ ಗಳಿಕೆಯಿಂದಲೇ ಪಂಪು ಓಡಬೇಕು. ಇದಕ್ಕೆ ವರ್ಷಕ್ಕೆ 20 ಕೋಟಿ ಯೂರೊಗೂ ಹೆಚ್ಚು ಬೇಕು. ಈ ಕೆಲಸಗಳಿಗೆ ಅವರು ಇಟ್ಟ ಹೆಸರಿನ ಅರ್ಥವೇ ‘ಎಂದೆಂದಿಗೂ ಮಾಡಬೇಕಾದ ಕೆಲಸ’. ಗಣಿಯ ಆದಾಯಕ್ಕೆ ಕೊನೆಯಿದೆ, ಖರ್ಚಿಗೆ ಕೊನೆಯಿಲ್ಲ ಎಂಬುದನ್ನು ಅವರು ಲೆಕ್ಕದ ಪುಸ್ತಕದಲ್ಲೇ ಒಪ್ಪಿಕೊಂಡರು. ಅದೇ ಸೀಮೆಯ ತ್ಸೋಲ್‌ಫೆರೈನ್ ಗಣಿಯ ಕಟ್ಟಡಗಳು 2001ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ.

ನಮ್ಮಲ್ಲಿ ಕಲ್ಲಿದ್ದಲು ಸಚಿವಾಲಯ 2009ರಲ್ಲಿ ಗಣಿ ಮುಚ್ಚುವ ಯೋಜನೆಗೆ ಮಾರ್ಗಸೂಚಿ ತಂದಿತು. ಗಣಿ ನಡೆಯುತ್ತಿರುವಾಗಲೇ, ಮುಚ್ಚುವ ಖರ್ಚಿಗೆಂದು ಬೇರೆ ಖಾತೆಯಲ್ಲಿ ಹಣ ಇಡುತ್ತ ಬರಬೇಕು. ಆ ಕಾಲದ ಬೆಲೆಯಲ್ಲಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ನೆಲದಾಳದ ಗಣಿಗೆ 1 ಲಕ್ಷ ರೂಪಾಯಿ. ತತ್ವ ಒಳ್ಳೆಯದು, ಬಂದದ್ದೂ ಒಳ್ಳೆಯದೇ. ಆದರೆ ನೆಲದಾಳದ ಗಣಿಯ ಹಾನಿ ಮೇಲೆ ಕಾಣುವುದು ತಡವಾಗಿ. ಕಾಣುವ ಹೊತ್ತಿಗೆ ಖಾತೆಯಲ್ಲಿ ಹಣ ಉಳಿದಿರಬೇಕು, ನೋಡುವವರೂ ಉಳಿದಿರಬೇಕು. ಅಷ್ಟೇ ನನ್ನ ಕಳವಳ.

ಇನ್ನು ಜನ. ಝರಿಯಾದ ಬೆಂಕಿ, ಕುಸಿತದ ಜಾಗಗಳಿಂದ ಜನರನ್ನು ಎಬ್ಬಿಸಿ ಬೇರೆಡೆ ನೆಲೆಗೊಳಿಸಲು 2009ರಲ್ಲಿ 7,112 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಬೇಲಗಡಿಯಾ ಎಂಬಲ್ಲಿ ಮನೆಗಳನ್ನು ಕಟ್ಟಿದರು. ಅಲ್ಲಿಗೆ ಹೋದವರಿಗೆ ತಲೆಯ ಮೇಲೆ ಸೂರು ಸಿಕ್ಕಿತು. ಕೂಲಿ, ಕೆಲಸ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಹೊಗೆಯಾಡುವ ನೆಲದ ಮೇಲೆ ಇನ್ನೂ ಯಾಕೆ ಇದ್ದೀರಿ ಎಂದು ಕೇಳಿದರೆ ಜನ ಹೇಳುವುದು ಹೊಟ್ಟೆಯ ಮಾತನ್ನು.

ನಮ್ಮ ರಾಜ್ಯದಲ್ಲಿ ಇದನ್ನು ಕಂಡವರು ಕೋಲಾರದ ಚಿನ್ನದ ಗಣಿಯವರು. 120 ವರ್ಷದ ಗಣಿ, 3 ಕಿ.ಮೀ.ಗೂ ಹೆಚ್ಚು ಆಳ, 2001ರ ಫೆಬ್ರವರಿ 28ರಂದು ಮುಚ್ಚಿತು. ಸೈನೈಡ್ ಗುಡ್ಡೆಗಳು ಊರ ನಡುವೆಯೇ ಉಳಿದವು, ಗಾಳಿ ಬೀಸಿದರೆ ದೂಳು ಮನೆಯೊಳಗೆ. ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಚಿನ್ನ ಇರಲಿ ಕಲ್ಲಿದ್ದಲು ಇರಲಿ, ಮುಚ್ಚುವ ಯೋಜನೆಯಲ್ಲಿ ಮನುಷ್ಯನ ದುಡಿಮೆಯ ಲೆಕ್ಕ ಸೇರದಿದ್ದರೆ ನೆಲ ಹಸಿರಾದರೂ ಊರು ಬರಿದಾಗುತ್ತದೆ.

ನಮ್ಮೂರ ಖಣಿಗಳು

ಈಗ ನಮ್ಮ ಮನೆಯ ಮಾತು. ಈ ಶಾಲೆಯ ನೆಲಕ್ಕೆ ಹಾಸಿರುವುದೂ ಪರಸಿಯೇ. ಶಹಾಬಾದ್ ಕಲ್ಲು ಎಂದು ದೇಶವೆಲ್ಲ ಅದನ್ನು ಕೊಂಡಿದೆ. ಅದರಿಂದ ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತಿದೆ. ಈ ಸಭೆಯಲ್ಲಿ ಇರುವ ಹಲವರ ತಂದೆತಾಯಿ ಖಣಿಯಲ್ಲಿ ದುಡಿದೇ ಮಕ್ಕಳನ್ನು ಈ ಶಾಲೆಗೆ ಕಳಿಸಿದರು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕಲ್ಲು ಮುಗಿದ ಖಣಿಗಳು ಹೇಗಿವೆ ನೋಡಿ. ನೇರ ಗೋಡೆಯ ಹೊಂಡ, ಸುತ್ತ ಬೇಲಿಯಿಲ್ಲ. ಮಳೆಗಾಲದಲ್ಲಿ ನೀರು ತುಂಬಿದರೆ ಆಳ ತಿಳಿಯುವುದಿಲ್ಲ, ಹತ್ತಲು ಮೆಟ್ಟಿಲಿಲ್ಲ. ಮೇಲಿನ ಎರಿ ಮಣ್ಣು ಒಡೆದ ಚೂರುಗಳ ಗುಡ್ಡೆಯಲ್ಲಿ ಬೆರೆತು ಹಾಳಾಗಿದೆ. ನಮ್ಮ ಭಾಗ್ಯಕ್ಕೆ ಇಲ್ಲಿ ಬೆಂಕಿಯಿಲ್ಲ, ಟೊಳ್ಳು ಕಣ್ಣಿಗೆ ಕಾಣುತ್ತದೆ. ಝರಿಯಾದ ಕೆಲಸಕ್ಕೆ ಹೋಲಿಸಿದರೆ ನಮ್ಮದು ನೂರರಲ್ಲಿ ಒಂದು ಪಾಲೂ ಅಲ್ಲ. ಆದ್ದರಿಂದಲೇ ಮಾಡದಿರಲು ನಮಗೆ ನೆಪವಿಲ್ಲ.

ಮೂರು ಕೆಲಸ ಸೂಚಿಸುತ್ತೇನೆ. ಮೊದಲನೆಯದು ನಕ್ಷೆ. ಒಂಬತ್ತನೆಯ ತರಗತಿಯ ಮಕ್ಕಳು ಶಿಕ್ಷಕರ ಜೊತೆ, ದೊಡ್ಡವರ ಕಾವಲಿನಲ್ಲಿ, ದಡದಿಂದ ದೂರ ನಿಂತು ಖಣಿಗಳ ಪಟ್ಟಿ ಮಾಡಲಿ. ಎಲ್ಲಿದೆ, ಯಾವ ಸರ್ವೆ ನಂಬರು, ಎಷ್ಟು ಉದ್ದ ಅಗಲ, ಯಾವ ಕಾಲದಲ್ಲಿ ಬಿಟ್ಟದ್ದು, ಯಾವ ದಾರಿಗೆ ಹತ್ತಿರ. ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬೇಕು. ಕಾಗದದ ಮೇಲೆ ಬರದ ಖಣಿಯನ್ನು ಯಾವ ಕಚೇರಿಯೂ ಮುಚ್ಚುವುದಿಲ್ಲ. ಅಳತೆ ಕಲಿಸಲು ನಾನು ಬರುತ್ತೇನೆ, ಹಳೆಯ ಚೈನು, ಟೇಪು ನನ್ನಲ್ಲಿವೆ.

ಎರಡನೆಯದು, ಪ್ರತಿ ಖಣಿಗೂ ಅದಕ್ಕೆ ತಕ್ಕ ಮದ್ದು. ಎಲ್ಲವನ್ನೂ ತುಂಬಬೇಕಿಲ್ಲ. ಶಾಲೆಯ ದಾರಿಗೆ, ದನದ ದಾರಿಗೆ ಹತ್ತಿರ ಇರುವುದಕ್ಕೆ ಮೊದಲು ಬೇಲಿ. ಆಳ ಕಡಿಮೆ ಇರುವುದಕ್ಕೆ ಪಕ್ಕದ ಚೂರುಗಳನ್ನೇ ಮರಳಿ ತುಂಬಿ ಮಣ್ಣು ಹೊದಿಸುವುದು. ನೀರು ನಿಲ್ಲುವುದಕ್ಕೆ ಒಂದು ಬದಿ ಇಳಿಜಾರು ಮಾಡಿ, ಮೆಟ್ಟಿಲು ಕಟ್ಟಿ ಕೆರೆಯಂತೆ ಬಳಸುವುದು. ಬೇಸಿಗೆಯಲ್ಲಿ ನೀರಿಗೆ ನಾವು ಪಡುವ ಪಾಡು ನಿಮಗೆ ಗೊತ್ತೇ ಇದೆ.

ಮೂರನೆಯದು ಹಣ ಮತ್ತು ಹೊಣೆ. ಗಣಿಗಾರಿಕೆಯಿಂದ ಬಾಧೆಗೆ ಒಳಗಾದ ಊರುಗಳಿಗಾಗಿಯೇ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿಗೆ 2015ರಲ್ಲಿ ಕಾನೂನು ಬಂದಿದೆ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಮಕ್ಕಳ ನಕ್ಷೆಯನ್ನು ಅದಕ್ಕೆ ಲಗತ್ತಿಸಿ ಕೇಳೋಣ. ಹೊಸ ಖಣಿಗೆ ಪರವಾನಗಿ ಬಂದಾಗ ಗ್ರಾಮಸಭೆ ಒಂದೇ ಪ್ರಶ್ನೆ ಕೇಳಲಿ: ಮುಗಿದ ಮೇಲೆ ಈ ನೆಲವನ್ನು ಹೇಗೆ ಬಿಟ್ಟು ಹೋಗುತ್ತೀರಿ, ಅದನ್ನು ಬರೆದು ಕೊಡುತ್ತೀರಾ?

ಮಕ್ಕಳೇ, ಈ ಶಾಲೆಗೆ ಈಗ 50 ವರ್ಷ. ನೂರು ತುಂಬಿದಾಗ ಈ ವೇದಿಕೆಯ ಮುಂದೆ ಹಿರಿಯರಾಗಿ ಕೂರುವವರು ನೀವು. ಆಗಿನ ಮಕ್ಕಳು ಶಾಲೆಗೆ ಬರುವ ದಾರಿಯಲ್ಲಿ ಹೊಂಡವಿರಬೇಕೋ, ಕೆರೆಯಿರಬೇಕೋ ಎಂಬುದನ್ನು ನಿಶ್ಚಯಿಸುವ ಸಮಯ ಈಗಿನದು. ಪಟ್ಟಿಯ ಕೆಲಸವನ್ನು ಈ ಬೇಸಿಗೆ ರಜೆಗೆ ಮೊದಲೇ ಶುರು ಮಾಡೋಣ ಎಂದು ಮುಖ್ಯಗುರುಗಳಲ್ಲಿ ಬಿನ್ನವಿಸುತ್ತೇನೆ.